ಹಾಲು ಬಿಟ್ಟ ಹಂದಿಮರಿಯ ಹೊಟ್ಟೆ ಕೇಳುವುದೇನು?

ಹಂದಿ ಸಾಕುವವರ ಲೆಕ್ಕದಲ್ಲಿ ಮರಿಗಳಿಗೆ ಎರಡು ಗಂಡಾಂತರ. ಒಂದು, ಹುಟ್ಟಿದ ಮೊದಲ ಮೂರು ದಿನ. ತಾಯಿಯ ಮೈಯಡಿ ಸಿಕ್ಕೋ, ಚಳಿಗೆ ಸೆಟೆದೋ, ಹಾಲು ಸಾಲದೆಯೋ ಮರಿಗಳು ಸಾಯುತ್ತವೆ. ಇನ್ನೊಂದು, ತಾಯಿಯ ಹಾಲು ಬಿಡಿಸಿದ ಮೇಲಿನ ಎರಡು ವಾರ. ಮೊದಲನೆಯದಕ್ಕೆ ಎಲ್ಲರೂ ಸಿದ್ಧರಾಗಿರುತ್ತಾರೆ. ಎರಡನೆಯದು ಹೇಳದೆ ಬರುತ್ತದೆ. ನಿನ್ನೆಯವರೆಗೆ ದುಂಡಗೆ ಓಡಾಡಿಕೊಂಡಿದ್ದ ಮರಿಗಳು ಬೇರೆ ಗೂಡಿಗೆ ಬಂದ ಮೂರು ನಾಲ್ಕನೆಯ ದಿನಕ್ಕೆ ನೀರು ನೀರಾಗಿ ಭೇದಿ ಮಾಡತೊಡಗುತ್ತವೆ. ರೋಮ ನಿಮಿರಿ, ಕಣ್ಣು ಗುಳಿಬಿದ್ದು, ಬೆನ್ನು ಬಾಗಿಸಿಕೊಂಡು ಮೂಲೆ ಸೇರುತ್ತವೆ. ಕೆಲವು ಸಾಯುತ್ತವೆ. ಬದುಕಿದವು ವಾರಗಟ್ಟಲೆ ಮೈ ಹಿಡಿಯುವುದಿಲ್ಲ.

ಆಗ ಸಾಕುವವನು ಓಡುವುದು ಔಷಧಿ ಅಂಗಡಿಗೆ. ಈ ಓಟ ನಮ್ಮ ರೈತನದೊಂದೇ ಅಲ್ಲ. ಹಂದಿ ಸಾಕಣೆಯಲ್ಲಿ ಜಗತ್ತಿಗೇ ಮೇಲ್ಪಂಕ್ತಿ ಎನಿಸಿದ ಡೆನ್ಮಾರ್ಕ್ ಕೂಡ ದಶಕಗಳ ಕಾಲ ಇದೇ ದಾರಿಯಲ್ಲಿ ಓಡಿದೆ. ಜನಸಂಖ್ಯೆ ಸುಮಾರು 60 ಲಕ್ಷ, ವರ್ಷಕ್ಕೆ ಉತ್ಪಾದಿಸುವ ಹಂದಿಗಳು ಮೂರು ಕೋಟಿಯ ಆಸುಪಾಸು. ಅಂಥ ದೇಶ ಮರಿಗಳ ಭೇದಿ ತಡೆಯಲು ಮೊದಲು ಆಂಟಿಬಯಾಟಿಕ್ ನೆಚ್ಚಿತು, ಆಮೇಲೆ ಸತುವನ್ನು ನೆಚ್ಚಿತು. ಕೊನೆಗೆ ಎರಡನ್ನೂ ಬಿಡಬೇಕಾಗಿ ಬಂತು. ಬಿಟ್ಟ ಮೇಲೆ ಅದು ತಿರುಗಿ ನೋಡಿದ್ದು ಮರಿಯ ತಟ್ಟೆಯ ಕಡೆಗೆ. ಹಾಲು ಬಿಡಿಸಿದ ಮರಿಯ ಭೇದಿಗೆ ರೋಗಾಣು ಕಾರಣ ನಿಜ. ಆದರೆ ರೋಗಾಣುವಿಗೆ ಬಾಗಿಲು ತೆಗೆಯುವುದು ಹಸಿವು. ಇದು ಅರ್ಥವಾದರೆ ಖರ್ಚನ್ನು ಎಲ್ಲಿ ಹಾಕಬೇಕೆಂಬುದೂ ಅರ್ಥವಾಗುತ್ತದೆ.

ಮೊದಲು ಹಾಲು ಕುಡಿಯುವ ಮರಿಯ ದಿನಚರಿ ನೋಡಿ. ತಾಯಿಹಂದಿ ಹೆಚ್ಚುಕಡಿಮೆ ಗಂಟೆಗೊಮ್ಮೆ ಗುರುಗುಟ್ಟಿ ಮರಿಗಳನ್ನು ಕರೆದು ಮಗ್ಗುಲಾಗುತ್ತದೆ. ಮರಿಗಳು ತಮ್ಮ ತಮ್ಮ ಮೊಲೆ ಹಿಡಿಯುತ್ತವೆ. ಹುಟ್ಟಿದ ಕೆಲವೇ ದಿನಗಳಲ್ಲಿ ಯಾವ ಮೊಲೆ ಯಾರದ್ದು ಎಂಬುದು ತೀರ್ಮಾನವಾಗಿರುತ್ತದೆ. ಹಾಲು ಇಳಿಯುವುದು ಇಪ್ಪತ್ತು ಸೆಕೆಂಡಿನಷ್ಟು ಮಾತ್ರ. ಹೀಗೆ ಹಗಲು ರಾತ್ರಿ ಸೇರಿ ಇಪ್ಪತ್ತಕ್ಕೂ ಹೆಚ್ಚು ಸಲ, ಒಂದೊಂದು ಗುಟುಕಿನಷ್ಟು ಬೆಚ್ಚನೆಯ ದ್ರವ ಆಹಾರ. ಹಂದಿಯ ಹಾಲು ಹಸುವಿನ ಹಾಲಿಗಿಂತ ಗಟ್ಟಿ. ಅದರಲ್ಲಿ ನೀರು ಬಿಟ್ಟು ಉಳಿಯುವುದರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕೊಬ್ಬು. ಉಳಿದದ್ದು ಬಹುಪಾಲು ಪ್ರೋಟೀನ್ ಮತ್ತು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್. ಇದೆಲ್ಲ ಹೆಚ್ಚುಕಡಿಮೆ ಪೂರ್ತಿ ಜೀರ್ಣವಾಗುತ್ತದೆ.

ಹಾಲು ಹೊಟ್ಟೆ ತುಂಬಿಸುವುದಷ್ಟೇ ಅಲ್ಲ, ಕಾವಲನ್ನೂ ಕಾಯುತ್ತದೆ. ಹಂದಿಯ ಮಾಸಿನ ಮೂಲಕ ತಾಯಿಯ ಪ್ರತಿಕಾಯಗಳು ಗರ್ಭದ ಮರಿಗೆ ದಾಟುವುದಿಲ್ಲ. ಮರಿ ರಕ್ಷಣೆಯೇ ಇಲ್ಲದೆ ಹುಟ್ಟುತ್ತದೆ. ಮೊದಲ ದಿನದ ಗಿಣ್ಣು ಹಾಲಿನಿಂದ ಅದು ಪ್ರತಿಕಾಯಗಳನ್ನು ನೇರವಾಗಿ ರಕ್ತಕ್ಕೆ ಎಳೆದುಕೊಳ್ಳಬೇಕು. ಒಂದು, ಒಂದೂವರೆ ದಿನ ಕಳೆಯುವಷ್ಟರಲ್ಲಿ ಕರುಳಿನ ಆ ದಾರಿ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಹಾಲಿನಲ್ಲಿರುವ ಇನ್ನೊಂದು ಬಗೆಯ ಪ್ರತಿಕಾಯ ದಿನವೂ ಕರುಳಿನ ಒಳಗೋಡೆಯನ್ನು ಸವರುತ್ತ ರೋಗಾಣುಗಳನ್ನು ತಡೆಯುತ್ತದೆ. ಗಿಣ್ಣಿನಿಂದ ಬಂದ ರಕ್ಷಣೆ ಮೂರನೆಯ ವಾರದ ಹೊತ್ತಿಗೆ ಕರಗುತ್ತ ಬರುತ್ತದೆ. ಮರಿಯ ಸ್ವಂತ ರಕ್ಷಣಾ ವ್ಯವಸ್ಥೆ ಬಲಿಯುವುದಕ್ಕೆ ಇನ್ನೂ ಕೆಲವು ವಾರ ಬೇಕು. ಇವೆರಡರ ನಡುವಿನ ಬಿರುಕಿನಲ್ಲೇ ನಾವು ಮರಿಯ ಹಾಲು ಬಿಡಿಸುತ್ತೇವೆ.

ಕಾಡುಹಂದಿಯಾಗಲಿ, ಬಯಲಲ್ಲಿ ಬಿಟ್ಟ ಸಾಕುಹಂದಿಯಾಗಲಿ ಮರಿಗಳ ಹಾಲು ಬಿಡಿಸುವುದು ಮೂರು ತಿಂಗಳಿನ ಹೊತ್ತಿಗೆ, ಒಮ್ಮೊಮ್ಮೆ ಅದಕ್ಕೂ ತಡವಾಗಿ. ಅದೂ ಒಂದೇ ದಿನ ಅಲ್ಲ. ತಾಯಿ ಹಾಲು ಕೊಡುವುದನ್ನು ಕಡಿಮೆ ಮಾಡುತ್ತ ಹೋಗುತ್ತದೆ. ಮರಿ ನೆಲ ಕೆದಕಿ ಬೇರು, ಹುಳು, ಕಾಳು ತಿನ್ನುವುದನ್ನು ಹೆಚ್ಚಿಸುತ್ತ ಹೋಗುತ್ತದೆ. ದೊಡ್ಡ ಸಾಕಣೆ ಕೇಂದ್ರಗಳಲ್ಲಿ ಇದೇ ಕೆಲಸ ಮೂರು ನಾಲ್ಕು ವಾರಕ್ಕೆ, ಒಂದೇ ಬೆಳಗಿನಲ್ಲಿ ಮುಗಿಯುತ್ತದೆ. ಯುರೋಪಿನ ಒಕ್ಕೂಟದ ಕಾನೂನು 28 ದಿನಕ್ಕೆ ಮೊದಲು ಬಿಡಿಸಬಾರದು ಎನ್ನುತ್ತದೆ, ಪ್ರತ್ಯೇಕ ಶುಚಿಯಾದ ಗೂಡು ಇದ್ದರೆ 21 ದಿನಕ್ಕೂ ಅವಕಾಶ ಕೊಡುತ್ತದೆ. ನಮ್ಮಲ್ಲಿ ಎಂಟು ವಾರ ಹಾಲು ಕುಡಿಸುವ ವಾಡಿಕೆ ಇತ್ತು. ಅದೀಗ ಆರು ವಾರಕ್ಕೆ, ಕೆಲವೆಡೆ ನಾಲ್ಕು ವಾರಕ್ಕೆ ಇಳಿಯುತ್ತಿದೆ. ಕಾರಣ ಸರಳ. ಹಾಲು ಬಿಡಿಸಿದ ವಾರದೊಳಗೆ ತಾಯಿಹಂದಿ ಮತ್ತೆ ಬೆದೆಗೆ ಬರುತ್ತದೆ. ಎಷ್ಟು ಬೇಗ ಬಿಡಿಸಿದರೆ ವರ್ಷಕ್ಕೆ ಅಷ್ಟು ಹೆಚ್ಚು ಸೂಲು.

ಆ ಬೆಳಗ್ಗೆ ಮರಿಗೆ ಏನೇನು ತಪ್ಪುತ್ತದೆ ನೋಡಿ: ತಾಯಿ ಇಲ್ಲ, ತಾಯಿಯ ಕರೆ ಇಲ್ಲ, ಬೆಚ್ಚನೆಯ ಹಾಲು ಇಲ್ಲ. ಗೂಡು ಹೊಸದು, ಜೊತೆಗಿರುವ ಮರಿಗಳು ಬೇರೆ ಸೂಲಿನವು, ಅವುಗಳೊಡನೆ ಕಚ್ಚಾಟ. ತೊಟ್ಟಿಯಲ್ಲಿರುವ ಒಣ ಹಿಟ್ಟು ಆಹಾರವೆಂದು ಅದಕ್ಕೆ ಗೊತ್ತಿಲ್ಲ. ಹಾಲಿನಲ್ಲಿ ಹಸಿವು ಬಾಯಾರಿಕೆ ಎರಡೂ ಒಟ್ಟಿಗೆ ತೀರುತ್ತಿದ್ದವು. ಈಗ ಇವು ಎರಡು ಬೇರೆ ಬೇರೆ ಕೆಲಸ ಎಂದು ಕಲಿಯಬೇಕು. ಪರಿಣಾಮವಾಗಿ ಹಲವು ಮರಿಗಳು ಮೊದಲ ದಿನ ಬಾಯಿಗೆ ಏನನ್ನೂ ಹಾಕುವುದಿಲ್ಲ. ಕೆಲವು ಎರಡು ದಿನವೂ ಉಪವಾಸ ಇರುತ್ತವೆ.

ಎರಡು ದಿನದ ಉಪವಾಸ ಕರುಳಿಗೆ ಸಣ್ಣ ವಿಷಯವಲ್ಲ. ಸಣ್ಣ ಕರುಳಿನ ಒಳಗೋಡೆಯ ತುಂಬ ಬೆರಳಿನಾಕಾರದ ಸೂಕ್ಷ್ಮ ಚಾಚಿಕೆಗಳಿವೆ. ಶಾಲೆಯ ಪುಸ್ತಕದಲ್ಲಿ ವಿಲ್ಲೈ ಎಂದು ಓದಿದ್ದು ಇವನ್ನೇ. ಆಹಾರ ಹೀರಿಕೊಳ್ಳುವ ಕೆಲಸ ನಡೆಯುವುದು ಇವುಗಳ ಮೈಮೇಲೆ. ಇವುಗಳ ಜೀವಕೋಶಗಳು ಕೆಲವೇ ದಿನ ಬದುಕಿ ಉದುರುತ್ತವೆ, ಬುಡದಿಂದ ಹೊಸವು ಮೇಲೇರುತ್ತವೆ. ಈ ಕೋಶಗಳು ತಮ್ಮ ಆಹಾರದ ದೊಡ್ಡ ಪಾಲನ್ನು ರಕ್ತದಿಂದಲ್ಲ, ಕರುಳಿನೊಳಗೆ ಹರಿದು ಹೋಗುವ ಅನ್ನದಿಂದಲೇ ತೆಗೆದುಕೊಳ್ಳುತ್ತವೆ. ಕರುಳು ಬರಿದಾದರೆ ಅವೂ ಉಪವಾಸ ಬೀಳುತ್ತವೆ. ಮೂರು ವಾರಕ್ಕೆ ಹಾಲು ಬಿಡಿಸಿದ ಮರಿಗಳಲ್ಲಿ ಒಂದೇ ದಿನಕ್ಕೆ ಈ ಚಾಚಿಕೆಗಳ ಎತ್ತರ ಮುಕ್ಕಾಲಿಗೆ ಇಳಿಯುವುದನ್ನೂ, ಐದು ದಿನದ ಹೊತ್ತಿಗೆ ಅರ್ಧದಷ್ಟಾಗುವುದನ್ನೂ ಸಂಶೋಧಕ ಡೇವಿಡ್ ಹ್ಯಾಂಪ್‌ಸನ್ 1980ರ ದಶಕದಲ್ಲೇ ದಾಖಲಿಸಿದ್ದರು.

ಇದಕ್ಕೆ ಹೊಸ ಆಹಾರ ಕಾರಣವೋ, ಉಪವಾಸ ಕಾರಣವೋ? ಪ್ರಶ್ನೆಗೆ ಉತ್ತರ ಕೊಟ್ಟವರು ಆಸ್ಟ್ರೇಲಿಯಾದ ಜಾನ್ ಪ್ಲಸ್ಕಿ ಮತ್ತು ಸಂಗಡಿಗರು. 1996ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ತಾಯಿಯಿಂದ ಬೇರೆ ಮಾಡಿದ ಮರಿಗಳಿಗೆ ಹಸುವಿನ ಹಾಲನ್ನು ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪವಾಗಿ ಕುಡಿಸಲಾಯಿತು. ತಾಯಿ ಇಲ್ಲ, ಗೂಡು ಹೊಸದು. ಆದರೂ ಹೊಟ್ಟೆಗೆ ಬಿಡುವಿಲ್ಲದೆ ಆಹಾರ ಬಿದ್ದ ಆ ಮರಿಗಳಲ್ಲಿ ವಿಲ್ಲೈಗಳ ಎತ್ತರ ಉಳಿಯಿತು. ಹಾಲು ಬಿಡಿಸುವುದರ ಮೊದಲ ಪೆಟ್ಟು ಹೊಸ ಆಹಾರದ್ದಲ್ಲ, ಆಹಾರ ಇಲ್ಲದ್ದರದು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ಮರಿ ಮೊದಲ ಎರಡು ಮೂರು ದಿನ ಎಷ್ಟು ತಿಂದಿತು ಎಂಬುದೇ ಮುಂದಿನ ಎರಡು ವಾರದ ಜಾತಕ.

ಉಪವಾಸದ ನಂತರ ಬರುವುದು ಅತಿಯೂಟ. ಮೂರನೆಯ ದಿನ ಹಸಿವು ತಡೆಯದ ಮರಿ ತೊಟ್ಟಿಗೆ ಬಿದ್ದು ಹೊಟ್ಟೆ ಬಿರಿಯೆ ತಿನ್ನುತ್ತದೆ. ಹೀರಿಕೊಳ್ಳುವ ಜಾಗ ಅರ್ಧವಾಗಿದೆ. ಜೀರ್ಣ ಮಾಡುವ ಕಿಣ್ವಗಳೂ ಸಿದ್ಧವಿಲ್ಲ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಳೆ ಮರಿಯಲ್ಲಿ ಧಾರಾಳ. ಜೋಳದ ಪಿಷ್ಟವನ್ನು ಒಡೆಯುವ ಅಮೈಲೇಸ್, ಮಾಲ್ಟೇಸ್‌ಗಳು ವಯಸ್ಸು ಏರಿದಂತೆ, ತಿಂದು ತಿಂದು ರೂಢಿಯಾದಂತೆ ನಿಧಾನವಾಗಿ ಹೆಚ್ಚುತ್ತವೆ.

ಜಠರದ ಹುಳಿಯದು ಇನ್ನೊಂದು ತೊಡಕು. ಬೆಳೆದ ಹಂದಿಯ ಜಠರ ಬಲವಾದ ಆಮ್ಲದ ಕೊಳ; ಬಾಯಿಂದ ಬಂದ ರೋಗಾಣು ಬಹುಪಾಲು ಅಲ್ಲೇ ಸಾಯುತ್ತದೆ. ಎಳೆ ಮರಿಗೆ ಅಷ್ಟು ಆಮ್ಲ ಸ್ರವಿಸುವ ಶಕ್ತಿ ಇಲ್ಲ. ಹಾಲು ಕುಡಿಯುವಾಗ ಈ ಕೊರತೆಯನ್ನು ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ತುಂಬುತ್ತವೆ. ಮೊಸರಿಗೆ ಹುಳಿ ತರುವ ಬಳಗದವೇ ಇವು. ಲ್ಯಾಕ್ಟೋಸ್ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹಾಲು ನಿಂತರೆ ಅವಕ್ಕೂ ಕೂಳಿಲ್ಲ, ಜಠರದ ಹುಳಿ ಇಳಿಯುತ್ತದೆ. ಇದರ ಮೇಲೆ ನಾವು ಕೊಡುವ ಸೋಯಾ ಹಿಂಡಿ, ಖನಿಜ ಮಿಶ್ರಣ, ಅದರಲ್ಲೂ ಸುಣ್ಣದ ಕಲ್ಲಿನ ಪುಡಿ ಇದ್ದಬದ್ದ ಆಮ್ಲವನ್ನೂ ಹೀರಿಬಿಡುತ್ತವೆ. ಮೂಳೆ ಗಟ್ಟಿಯಾಗಲಿ ಎಂದು ಈ ವಾರಗಳಲ್ಲಿ ಹಿಡಿಗಟ್ಟಲೆ ಕ್ಯಾಲ್ಸಿಯಂ ಸುರಿಯುವವರು ರೋಗಾಣುವಿಗೆ ದಾರಿ ಮಾಡಿಕೊಟ್ಟಂತೆ.

ಆ ದಾರಿಯಲ್ಲಿ ಬರುವ ಮುಖ್ಯ ಅತಿಥಿ ಇ. ಕೋಲಿ. ಎಲ್ಲ ಹಂದಿಗಳ ಕರುಳಿನಲ್ಲೂ ಇರುವ ಬ್ಯಾಕ್ಟೀರಿಯಾ ಇದು, ಬಹುಪಾಲು ನಿರುಪದ್ರವಿ. ಭೇದಿ ತರುವ ತಳಿಗಳಿಗೆ ಮೈಮೇಲೆ ಸೂಕ್ಷ್ಮ ಎಳೆಗಳಿರುತ್ತವೆ. ಎಫ್4, ಎಫ್18 ಎಂದು ಅವುಗಳ ಹೆಸರು. ಉತ್ತರಾಣಿ ಬೀಜ ಪಂಚೆಯ ಅಂಚಿಗೆ ಕಚ್ಚಿಕೊಳ್ಳುವ ಹಾಗೆ ಈ ಎಳೆಗಳು ಕರುಳಿನ ಗೋಡೆಗೆ ಕಚ್ಚಿಕೊಳ್ಳುತ್ತವೆ. ಅಲ್ಲಿ ಕೂತು ಬ್ಯಾಕ್ಟೀರಿಯಾ ಬಿಡುವ ವಿಷ ಕರುಳಿನ ಕೋಶಗಳನ್ನು ಕೆಡಿಸುತ್ತದೆ. ಹೀರಿಕೊಳ್ಳಬೇಕಾದ ಕೋಶ ಉಪ್ಪು ನೀರನ್ನು ಹೊರಗೆ ಸುರಿಯತೊಡಗುತ್ತದೆ. ಮರಿ ಸಾಯುವುದು ನಿರ್ಜಲೀಕರಣದಿಂದ. ಎಫ್18 ಇರುವ ಕೆಲವು ತಳಿಗಳು ಬೇರೊಂದು ವಿಷ ಬಿಟ್ಟು ರೆಪ್ಪೆ ಊದಿಸಿ, ನಡಿಗೆ ತಪ್ಪಿಸಿ, ದಷ್ಟಪುಷ್ಟ ಮರಿಯನ್ನೇ ಹಠಾತ್ತಾಗಿ ಕೊಲ್ಲುವುದೂ ಉಂಟು. ಎಳೆ ಕಚ್ಚಿಕೊಳ್ಳುವ ಕೊಂಡಿಯೇ ಕೆಲವು ಹಂದಿಗಳ ಕರುಳಿನಲ್ಲಿ ಹುಟ್ಟಿನಿಂದ ಇರುವುದಿಲ್ಲ. ಡೆನ್ಮಾರ್ಕಿನ ತಳಿ ಸಂವರ್ಧಕರು ಅಂಥ ಹಂದಿಗಳನ್ನು ಆರಿಸಿ ಬೆಳೆಸುತ್ತ ಬಂದಿದ್ದಾರೆ.

ಇನ್ನು ಪ್ರೋಟೀನ್. ಮರಿ ಬೇಗ ಬೆಳೆಯಲಿ ಎಂದು ಆಹಾರದಲ್ಲಿ ಶೇ 22, 23ರಷ್ಟು ಪ್ರೋಟೀನ್ ಇಡುವುದು ಬಹುಕಾಲ ರೂಢಿಯಲ್ಲಿತ್ತು. ಕರುಳು ಸೊರಗಿರುವಾಗ ಅದರಲ್ಲೊಂದು ಪಾಲು ಜೀರ್ಣವಾಗದೆ ದೊಡ್ಡ ಕರುಳಿಗೆ ಜಾರುತ್ತದೆ. ಅಲ್ಲಿ ಅದು ಕೊಳೆತು ಅಮೋನಿಯಾ, ಅಮೈನ್‌ಗಳಾಗುತ್ತದೆ. ಕರುಳಿನ ಗೋಡೆ ಕೆರಳುತ್ತದೆ, ಭೇದಿ ಹೆಚ್ಚುತ್ತದೆ. ಸೋಯಾ ಹಿಂಡಿಯಲ್ಲಿ ಇದರ ಜೊತೆಗೆ ಮರಿಯ ದೇಹ ಪರಕೀಯವೆಂದು ತಿರುಗಿಬೀಳುವ ಪ್ರೋಟೀನ್‌ಗಳಿವೆ, ಜೀರ್ಣವಾಗದ ಸಕ್ಕರೆಗಳಿವೆ. ಸರಿಯಾಗಿ ಹುರಿಯದ ಸೋಯಾದಲ್ಲಿ ಪ್ರೋಟೀನ್ ಒಡೆಯುವ ಕಿಣ್ವವನ್ನೇ ಕಟ್ಟಿಹಾಕುವ ಅಂಶವೂ ಇದೆ. ಬೆಳೆದ ಹಂದಿಗೆ ಸೋಯಾದಂಥ ಹಿಂಡಿ ಇನ್ನೊಂದಿಲ್ಲ; ಹಾಲು ಬಿಟ್ಟ ವಾರದ ಮರಿಗೆ ಅದನ್ನು ಮಿತವಾಗಿ, ರೂಢಿ ಮಾಡಿಸುತ್ತ ಕೊಡಬೇಕು.

ಇಷ್ಟೆಲ್ಲ ಗೊಂದಲವನ್ನು ಒಂದು ಚಮಚ ಪುಡಿಯಲ್ಲಿ ಮುಚ್ಚಬಹುದು ಎಂದಾಗ ಯಾರಾದರೂ ಬೇಡವೆನ್ನುತ್ತಾರೆಯೇ? ಕಳೆದ ಶತಮಾನದ ಮಧ್ಯಭಾಗದಿಂದ ಜಗತ್ತಿನೆಲ್ಲೆಡೆ ಹಂದಿಮರಿಗಳ ಆಹಾರಕ್ಕೆ ಕಡಿಮೆ ಪ್ರಮಾಣದಲ್ಲಿ ಆಂಟಿಬಯಾಟಿಕ್ ಬೆರೆಸುವುದು ವಾಡಿಕೆಯಾಯಿತು. ಕಾಯಿಲೆ ಇರಲಿ ಬಿಡಲಿ, ಮರಿ ಚೆನ್ನಾಗಿ ಬೆಳೆಯುತ್ತಿತ್ತು. ಮೊದಲು ಇದನ್ನು ನಿಲ್ಲಿಸಿದ ದೇಶ ಸ್ವೀಡನ್, 1986ರಲ್ಲಿ. ನಿಲ್ಲಿಸಿ ಎಂದು ಕೇಳಿದವರಲ್ಲಿ ಅಲ್ಲಿನ ರೈತ ಸಂಘಟನೆಯೂ ಇತ್ತು. ಡೆನ್ಮಾರ್ಕ್ 1995ರಿಂದ ಒಂದೊಂದನ್ನೇ ಬಿಡುತ್ತ ಬಂದು, 1999 ಮುಗಿಯುವ ಹೊತ್ತಿಗೆ ಹಾಲು ಬಿಟ್ಟ ಮರಿಗಳ ಆಹಾರದಿಂದಲೂ ಬೆಳವಣಿಗೆಯ ಆಂಟಿಬಯಾಟಿಕ್‌ಗಳನ್ನು ತೆಗೆಯಿತು. ಯುರೋಪಿನ ಒಕ್ಕೂಟ 2006ರ ಜನವರಿ 1ರಿಂದ ಎಲ್ಲ ಸದಸ್ಯ ದೇಶಗಳಲ್ಲೂ ನಿಷೇಧಿಸಿತು.

ಡೆನ್ಮಾರ್ಕಿನಲ್ಲಿ ಏನಾಯಿತು ಎಂಬುದು ಕಲಿಯಬೇಕಾದ ಪಾಠ. ಮಾಂಸಕ್ಕೆ ಬೆಳೆಸುವ ದೊಡ್ಡ ಹಂದಿಗಳಲ್ಲಿ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಪೆಟ್ಟು ಬಿದ್ದದ್ದು ಹಾಲು ಬಿಟ್ಟ ಮರಿಗಳಿಗೆ. ಭೇದಿ ಹೆಚ್ಚಿತು, ಅದರ ಚಿಕಿತ್ಸೆಗೆ ಕೊಡುವ ಔಷಧಿಯೂ ಹೆಚ್ಚಿತು. ಹಾಗಿದ್ದೂ ಸಾಕುಪ್ರಾಣಿಗಳಲ್ಲಿ ಆಂಟಿಬಯಾಟಿಕ್‌ನ ಒಟ್ಟು ಬಳಕೆ 1994ಕ್ಕೆ ಹೋಲಿಸಿದರೆ 2001ಕ್ಕೆ ಅರ್ಧಕ್ಕೂ ಕೆಳಗಿಳಿದಿತ್ತು. 2010ರಲ್ಲಿ ಅಲ್ಲಿನ ಸರ್ಕಾರ ಇನ್ನೊಂದು ಕ್ರಮ ತಂದಿತು: ನಿಗದಿತ ಮಿತಿ ಮೀರಿ ಆಂಟಿಬಯಾಟಿಕ್ ಬಳಸುವ ಸಾಕಣೆ ಕೇಂದ್ರಕ್ಕೆ ಫುಟ್‌ಬಾಲ್ ಮೈದಾನದ ಹಾಗೆ ಹಳದಿ ಕಾರ್ಡ್.

ಆ ನಡುವೆ ಮರಿಗಳನ್ನು ಕಾಪಾಡಿದ್ದು ಸತು. ಹಂದಿಮರಿಯ ದೈನಂದಿನ ಅಗತ್ಯಕ್ಕೆ ಕಿಲೋ ಆಹಾರದಲ್ಲಿ 100 ಮಿಲಿಗ್ರಾಂ ಸತು ಸಾಕು. ಅದನ್ನು ಜಿಂಕ್ ಆಕ್ಸೈಡ್ ರೂಪದಲ್ಲಿ 2,500 ಮಿಲಿಗ್ರಾಂಗೆ ಏರಿಸಿ ಎರಡು ವಾರ ಕೊಟ್ಟರೆ ಭೇದಿ ಅಚ್ಚರಿಯೆನಿಸುವಷ್ಟು ಕಡಿಮೆಯಾಗುತ್ತದೆ ಎಂದು 1980ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಸಂಶೋಧನೆಗಳೇ ತೋರಿಸಿದ್ದವು. ಅಗ್ಗದ ಪುಡಿ, ಆಂಟಿಬಯಾಟಿಕ್ ಅಲ್ಲ, ಕೆಲಸವೂ ಖಚಿತ. ತೊಂದರೆ ಏನೆಂದರೆ ಮರಿ ಹೀರಿಕೊಳ್ಳುವುದು ಅದರಲ್ಲಿ ಅಲ್ಪ ಪಾಲು. ಉಳಿದದ್ದು ಸಗಣಿಯೊಂದಿಗೆ ಹೊಲಕ್ಕೆ. ಲೋಹ ಕೊಳೆಯುವುದಿಲ್ಲ. ವರ್ಷ ವರ್ಷ ಮಣ್ಣಿನಲ್ಲಿ ಕೂಡುತ್ತ ಹೋಗುತ್ತದೆ, ನೀರಿಗೆ ಇಳಿಯುತ್ತದೆ. ಇನ್ನೊಂದು ಕಡೆ ಸತುವನ್ನು ತಾಳಿಕೊಳ್ಳುವ ಗುಣ ಮತ್ತು ಆಂಟಿಬಯಾಟಿಕ್‌ಗೆ ಬಗ್ಗದ ಗುಣ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಜೋಡಿಯಾಗಿ ಬರುತ್ತವೆ. ಹಂದಿಗೂಡುಗಳಲ್ಲಿ ಹರಡಿರುವ, ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಇದಕ್ಕೆ ಉದಾಹರಣೆ. ಸತು ತಿನ್ನಿಸಿ ನಾವು ಅಂಥವನ್ನೇ ಆರಿಸಿ ಬೆಳೆಸುತ್ತೇವೆ. ಯುರೋಪಿನ ಒಕ್ಕೂಟ 2017ರಲ್ಲಿ ಐದು ವರ್ಷದ ಗಡುವು ಕೊಟ್ಟು, 2022ರ ಜೂನ್ 26ರಿಂದ ಔಷಧಿ ಪ್ರಮಾಣದ ಜಿಂಕ್ ಆಕ್ಸೈಡ್ ಅನ್ನು ನಿಲ್ಲಿಸಿತು. ನಿಂತ ಮೇಲೆ ಡೆನ್ಮಾರ್ಕಿನಲ್ಲಿ ಮರಿಗಳ ಭೇದಿಗೆ ನಿಯೋಮೈಸಿನ್ ಎಂಬ ಆಂಟಿಬಯಾಟಿಕ್‌ನ ಬಳಕೆ ಏರಿತು. ಊರುಗೋಲು ಕಿತ್ತುಕೊಂಡಾಕ್ಷಣ ಕಾಲಿಗೆ ಬಲ ಬರುವುದಿಲ್ಲ ಎಂಬುದೂ ಈ ಕಥೆಯ ಭಾಗವೇ.

ಇದು ದೂರದ ಯುರೋಪಿನ ಮಾತು ಎಂದು ಸುಮ್ಮನಿರುವಂತಿಲ್ಲ. ಹಂದಿಮರಿಗಳ ಭೇದಿಗೆ ಜಗತ್ತಿನಾದ್ಯಂತ ಬಳಸುತ್ತಿದ್ದ ಒಂದು ಔಷಧಿ ಕೊಲಿಸ್ಟಿನ್. ಆಸ್ಪತ್ರೆಗಳ ತೀವ್ರ ನಿಗಾ ಘಟಕದಲ್ಲಿ ಬೇರಾವ ಔಷಧಿಯೂ ಕೆಲಸ ಮಾಡದಾಗ ಮನುಷ್ಯರಿಗೆ ಕೊಡುವ ಕೊನೆಯ ಅಸ್ತ್ರಗಳಲ್ಲಿ ಅದೂ ಒಂದು. ಕೊಲಿಸ್ಟಿನ್‌ಗೆ ಬಗ್ಗದ ಗುಣವನ್ನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟಿಸುವ ಎಂಸಿಆರ್-1 ಎಂಬ ಜೀನನ್ನು ಚೀನಾದ ವಿಜ್ಞಾನಿಗಳು 2015ರಲ್ಲಿ ವರದಿ ಮಾಡಿದರು. ಅದು ಮೊದಲು ಕಂಡದ್ದು ಹಂದಿಯ ಇ. ಕೋಲಿಯಲ್ಲಿ. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿ, ಮೀನುಗಳಿಗೆ ಮತ್ತು ಪಶು ಆಹಾರಕ್ಕೆ ಕೊಲಿಸ್ಟಿನ್ ತಯಾರಿಕೆ, ಮಾರಾಟವನ್ನು ನಿಷೇಧಿಸಿತು. ಆದ್ದರಿಂದ ಮರಿಯ ಭೇದಿಗೆ ಯಾರಾದರೂ ಅದನ್ನು ಇಂದಿಗೂ ಕೈಗಿಟ್ಟರೆ ಅದು ಕಾನೂನು ಮೀರಿದ ಮಾರಾಟ, ಅದನ್ನು ಕೊಳ್ಳುವುದು ನಮ್ಮ ಕೈಯಾರೆ ನಮ್ಮ ಮನೆಯವರ ಔಷಧಿಯನ್ನು ಮೊಂಡು ಮಾಡಿಕೊಳ್ಳುವುದು.

ಹಾಗಾದರೆ ಊರುಗೋಲಿಲ್ಲದೆ ಮರಿಯನ್ನು ನಿಲ್ಲಿಸುವುದು ಹೇಗೆ? ಯುರೋಪಿನ ರೈತರೂ ಸಂಶೋಧಕರೂ ಕಂಡುಕೊಂಡ ಉತ್ತರ ಒಂದೇ ಪುಡಿಯಲ್ಲಿಲ್ಲ, ಹಲವು ಸಣ್ಣ ಕೆಲಸಗಳಲ್ಲಿದೆ. ಹಾಲು ಬಿಡಿಸುವುದನ್ನು ಕೆಲವು ದಿನ ಮುಂದೂಡುವುದು. ಆಹಾರದ ಪ್ರೋಟೀನನ್ನು ಶೇ 17, 18ಕ್ಕೆ ಇಳಿಸಿ, ಕೊರತೆ ಬೀಳುವ ಅಮೈನೋ ಆಮ್ಲಗಳಾದ ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್, ಟ್ರಿಪ್ಟೊಫ್ಯಾನ್‌ಗಳನ್ನು ಬೇರೆಯಾಗಿ ಬೆರೆಸುವುದು. ಹಾಲಿನ ಪುಡಿ, ಹಾಲೊಡಕಿನ ಪುಡಿಯಿಂದ ಲ್ಯಾಕ್ಟೋಸ್ ಮುಂದುವರಿಸುವುದು. ಫಾರ್ಮಿಕ್, ಸಿಟ್ರಿಕ್, ಬೆಂಜೋಯಿಕ್‌ನಂಥ ಆಮ್ಲಗಳನ್ನು ಬೆರೆಸಿ ಜಠರದ ಹುಳಿ ಉಳಿಸುವುದು. ಸುಣ್ಣದ ಪುಡಿ ತಗ್ಗಿಸುವುದು. ಓಟ್ಸ್ ಹೊಟ್ಟು, ಗೋಧಿ ಬೂಸಾದಂಥ ಒರಟು ನಾರನ್ನು ಸ್ವಲ್ಪ ಸೇರಿಸಿ ಕರುಳಿನ ಚಲನೆ ಕಾಯುವುದು. ಧಾನ್ಯವನ್ನು ಮೈದಾದಂತೆ ನುಣ್ಣಗೆ ಬೀಸದಿರುವುದು. ಇ. ಕೋಲಿಯ ವಿರುದ್ಧ ಬಾಯಿಗೆ ಹಾಕುವ ಲಸಿಕೆಯೂ ಅಲ್ಲಿ ಇದೆ. ಯಾವ ಒಂದು ಕೆಲಸವೂ ಸತುವಿನಷ್ಟು ಫಲ ಕೊಡುವುದಿಲ್ಲ. ಎಲ್ಲ ಸೇರಿ ಅದರ ಹತ್ತಿರಕ್ಕೆ ತರುತ್ತವೆ.

ಕರ್ನಾಟಕದ ಸಾಕಣೆದಾರರಿಗೆ ಇವುಗಳಲ್ಲಿ ಎಷ್ಟು ಸಾಧ್ಯ? ಹೆಚ್ಚಿನವು ಸಾಧ್ಯ. ಪಂದಿ ಕರಿಯ ಕೊಡಗಿನಿಂದ ಹಿಡಿದು ಕರಾವಳಿ, ಬೆಂಗಳೂರಿನ ಸುತ್ತಮುತ್ತ ತನಕ ಈಗ ಯಾರ್ಕ್‌ಷೈರ್, ಲ್ಯಾಂಡ್‌ರೇಸ್, ಡ್ಯೂರಾಕ್ ತಳಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ಸಾಕುವ ಯುವಕರು ಕಾಣುತ್ತಾರೆ. ಇವು ಬೇಗ ಬೆಳೆಯುವ, ಅಷ್ಟೇ ಸೂಕ್ಷ್ಮ ಹೊಟ್ಟೆಯ ತಳಿಗಳು. ಊರಹಂದಿ ತಿಂದು ಅರಗಿಸಿಕೊಂಡದ್ದನ್ನೆಲ್ಲ ಇವುಗಳ ಮರಿ ಅರಗಿಸಿಕೊಳ್ಳಲಿ ಎಂದು ಬಯಸಬಾರದು.

ಮೊದಲ ಮಾತು, ಬಿಡಿಸುವ ವಯಸ್ಸು. ಬಿಸಿ ದೀಪ, ಹಾಲಿನ ಪುಡಿಯ ಆಹಾರ, ಒಣ ನೆಲ ಇಲ್ಲದ ಗೂಡಿನಲ್ಲಿ 28 ದಿನಕ್ಕೆ ಬಿಡಿಸುವ ಆಸೆ ಬೇಡ. ಆರು ವಾರ ಕುಡಿಸಿದರೆ ವರ್ಷದ ಸೂಲಿನ ಲೆಕ್ಕದಲ್ಲಿ ಕಳೆಯುವುದಕ್ಕಿಂತ ಮರಿ ಉಳಿಯುವುದರಲ್ಲಿ ಬರುವುದು ಹೆಚ್ಚು. ಗುಂಪಿನಲ್ಲಿ ತೂಕ ಕಡಿಮೆ ಇರುವ ಮರಿಗಳನ್ನು ಇನ್ನೊಂದು ವಾರ ತಾಯಿಯ ಬಳಿ ಬಿಡಿ. ಮರಿಗಳನ್ನು ಅಲ್ಲೇ ಉಳಿಸಿ ತಾಯಿಯನ್ನು ಬೇರೆ ಗೂಡಿಗೆ ಒಯ್ಯುವುದು ಒಳ್ಳೆಯದು. ಒಂದೇ ದಿನ ತಾಯಿಯೂ ಹೋಗಿ ಮನೆಯೂ ಬದಲಾಗುವ ಕಷ್ಟ ತಪ್ಪುತ್ತದೆ. ಸೂಲುಗಳನ್ನು ಆದಷ್ಟು ಬೆರೆಸಬೇಡಿ.

ಎರಡನೆಯದು, ತಿನ್ನುವ ಪಾಠ ಹಾಲು ಕುಡಿಯುವಾಗಲೇ ಶುರುವಾಗಬೇಕು. ಹತ್ತನೆಯ ದಿನದಿಂದ ತಾಯಿಗೆ ಸಿಗದ ಮೂಲೆಯಲ್ಲಿ ಮರಿ ಆಹಾರ ಇಡಿ. ಕ್ರೀಪ್ ಫೀಡ್ ಎಂದು ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಒಮ್ಮೆಗೆ ಒಂದು ಹಿಡಿ ಸಾಕು, ದಿನಕ್ಕೆ ಮೂರು ನಾಲ್ಕು ಸಲ ಹೊಸದಾಗಿ ಹಾಕಿ, ಹಳಸಿದ್ದನ್ನು ತಾಯಿಯ ತೊಟ್ಟಿಗೆ ಸುರಿಯಿರಿ. ಇಟ್ಟ ಮಾತ್ರಕ್ಕೆ ಎಲ್ಲ ಮರಿಯೂ ತಿನ್ನುವುದಿಲ್ಲ. ಸಂಶೋಧಕರು ಆಹಾರಕ್ಕೆ ಬಣ್ಣ ಬೆರೆಸಿ, ಮರಿಯ ಸಗಣಿಯ ಬಣ್ಣ ನೋಡಿ ತಿಂದವರು ಯಾರು, ತಿನ್ನದವರು ಯಾರು ಎಂದು ವಿಂಗಡಿಸಿದ್ದಾರೆ. ಹಾಗೆ ಮೊದಲೇ ತಿಂದು ಕಲಿತ ಮರಿಗಳು ಹಾಲು ಬಿಡಿಸಿದ ದಿನ ತೊಟ್ಟಿಗೆ ಬೇಗ ಬಾಯಿ ಹಾಕಿದವು. ಹಾಲು ಬಿಡಿಸಿದ ಮೇಲೆ ಎರಡು ವಾರ ಅದೇ ಆಹಾರ ಮುಂದುವರಿಯಲಿ. ತಾಯಿಯೂ ಆಹಾರವೂ ಒಂದೇ ದಿನ ಬದಲಾಗದಿರಲಿ.

ಮೂರನೆಯದು, ತೊಟ್ಟಿಯಲ್ಲಿ ಏನಿರಬೇಕು. ನಮ್ಮಲ್ಲಿ ಮನೆಯಲ್ಲೇ ಬೆರೆಸುವವರ ಸಾಮಾನು ಮೆಕ್ಕೆಜೋಳ, ಕಡಲೆಕಾಯಿ ಹಿಂಡಿ, ಅಕ್ಕಿ ತೌಡು. ಪ್ರೋಟೀನ್ ಶೇಕಡಾ ಲೆಕ್ಕದಲ್ಲಿ ಇದು ಸರಿಯಾಗಿ ಕಂಡೀತು. ಆದರೆ ಜೋಳದಲ್ಲೂ ಕಡಲೆಕಾಯಿ ಹಿಂಡಿಯಲ್ಲೂ ಲೈಸಿನ್ ಕಡಿಮೆ. 7ರಿಂದ 11 ಕಿಲೋ ತೂಕದ ಮರಿಯ ಆಹಾರದಲ್ಲಿ ಜೀರ್ಣವಾಗುವ ಲೈಸಿನ್ ಶೇ 1.35ರಷ್ಟು ಇರಬೇಕೆಂದು ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2012ರಲ್ಲಿ ಹೇಳಿದೆ. ಹಿಂಡಿಯನ್ನು ಹೆಚ್ಚಿಸಿ ಆ ಮಟ್ಟ ಮುಟ್ಟಲು ಹೋದರೆ ಮಿಕ್ಕ ಪ್ರೋಟೀನ್ ಕೊಳೆತು ಭೇದಿಯಾಗುತ್ತದೆ. ಹಿಂಡಿ ಮಿತಿಯಲ್ಲಿಟ್ಟು ಲೈಸಿನ್ ಪುಡಿ, ಮೆಥಿಯೋನಿನ್ ಪುಡಿ ಬೆರೆಸುವುದು ಜಾಣತನ. ಕೋಳಿ ಆಹಾರ ತಯಾರಿಸುವವರು ಇವನ್ನು ಬಳಸುತ್ತಾರೆ, ಅವರ ಬಳಿ ಸಿಗುತ್ತವೆ. ಒಳ್ಳೆಯ ಮೀನಿನ ಪುಡಿ, ಕೆನೆ ತೆಗೆದ ಹಾಲಿನ ಪುಡಿ ಸೇರಿಸಿ. ಪನೀರ್ ಮಾಡುವವರು ಹತ್ತಿರದಲ್ಲಿದ್ದರೆ ಅವರು ಚೆಲ್ಲುವ ಹಾಲೊಡಕಿನ ನೀರು, ಮನೆಯಲ್ಲಿ ಹೈನಿದ್ದರೆ ತಾಜಾ ಮಜ್ಜಿಗೆ ಹಿಟ್ಟು ಕಲಸಲು ಬರುತ್ತವೆ. ಲ್ಯಾಕ್ಟೋಸೂ ಹುಳಿಯೂ ಒಟ್ಟಿಗೆ ಸಿಕ್ಕವು. ಪಿಷ್ಟವನ್ನು ಬೇಯಿಸಿದರೆ ಮರಿಗೆ ಅರಗಿಸುವುದು ಸುಲಭ; ರಾಗಿ ಅಥವಾ ಅಕ್ಕಿ ನುಚ್ಚಿನ ತೆಳು ಗಂಜಿ ಮೊದಲ ದಿನಗಳಿಗೆ ಚೆನ್ನು. ಬೂಸು ಹಿಡಿದ ಜೋಳ, ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರುತ್ತದೆ. ಮಳೆಗಾಲದ ಅಗ್ಗದ ಚೀಲ ಮರಿಗಳಿಗೆ ಬೇಡ.

ಹೋಟೆಲಿನ ಮುಸುರೆ ಈ ವಯಸ್ಸಿನ ಮರಿಗೆ ಸರ್ವಥಾ ಬೇಡ. ಉಪ್ಪು, ಖಾರ, ಎಣ್ಣೆ ತುಂಬಿದ, ದಿನಕ್ಕೊಂದು ಬಗೆಯ ಆ ಆಹಾರ ಸೊರಗಿದ ಕರುಳಿಗೆ ಪೆಟ್ಟಿನ ಮೇಲೆ ಪೆಟ್ಟು. ದೊಡ್ಡ ಹಂದಿಗೆ ಕೊಡುವವರೂ ಚೆನ್ನಾಗಿ ಕುದಿಸದೆ ಕೊಡಬಾರದು. 2020ರಲ್ಲಿ ಅಸ್ಸಾಂ, ಅರುಣಾಚಲದ ಮೂಲಕ ದೇಶಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ ಹರಡುವ ದಾರಿಗಳಲ್ಲಿ ಕುದಿಸದ ಮುಸುರೆಯೂ ಒಂದು.

ನಾಲ್ಕನೆಯದು ನೀರು ಮತ್ತು ಬಿಸಿ. ನಿಪ್ಪಲ್ ಒತ್ತಿ ನೀರು ಕುಡಿಯಲು ಮರಿಗೆ ಗೊತ್ತಿರುವುದಿಲ್ಲ. ಮೊದಲ ಮೂರು ನಾಲ್ಕು ದಿನ ತಗ್ಗಾದ ತಟ್ಟೆಯಲ್ಲಿ ಶುದ್ಧ ನೀರಿಡಿ. ನಾಲ್ಕು ವಾರದ ಮರಿಗೆ ಮೊದಲ ವಾರ 28ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಮಲೆನಾಡಿನ ಜುಲೈ ತಿಂಗಳಲ್ಲಿ ಒದ್ದೆ ಸಿಮೆಂಟಿನ ಮೇಲೆ ಮಲಗಿದ ಮರಿ ತಿಂದದ್ದನ್ನೆಲ್ಲ ಮೈ ಬಿಸಿಗೇ ಸುಡುತ್ತದೆ. ಮರಿಗಳು ಒಂದರ ಮೇಲೊಂದು ರಾಶಿ ಬಿದ್ದು ಮಲಗಿದ್ದರೆ ಚಳಿಯಾಗುತ್ತಿದೆ ಎಂದೇ ಅರ್ಥ. ಭತ್ತದ ಹುಲ್ಲು ಹಾಸಿ, ಬಲ್ಬು ಇಳಿಸಿ.

ಇಷ್ಟಾದರೂ ಭೇದಿ ಬಂದರೆ? ಮೊದಲು ನೀರು, ಉಪ್ಪು, ಗ್ಲೂಕೋಸ್. ಇ. ಕೋಲಿಯ ವಿಷ ಕರುಳಿನ ಕೋಶವನ್ನು ಎಷ್ಟೇ ಕೆಡಿಸಿದರೂ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುವ ಬಾಗಿಲೊಂದು ತೆರೆದೇ ಇರುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಕಾಲರಾ ರೋಗಿಗಳನ್ನು ಉಳಿಸಿದ್ದು ಇದೇ ಬಾಗಿಲಿನಿಂದ. ಆಹಾರವನ್ನು ಒಂದು ದಿನದ ಮಟ್ಟಿಗೆ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಕರುಳಿನ ಗಾಯ ಮಾಯಲು ಅನ್ನವೇ ಬೇಕು. ರಕ್ತ ಕಂಡರೆ, ಜ್ವರ ಇದ್ದರೆ, ರೆಪ್ಪೆ ಊದಿದರೆ, ಹಠಾತ್ತಾಗಿ ಸತ್ತರೆ ಪಶುವೈದ್ಯರನ್ನು ಕರೆಯಿರಿ. ಆಂಟಿಬಯಾಟಿಕ್ ಬೇಕಾಗುವ ಸಂದರ್ಭಗಳಿವೆ. ಯಾವುದು, ಎಷ್ಟು, ಎಷ್ಟು ದಿನ ಎಂದು ಹೇಳಬೇಕಾದವರು ವೈದ್ಯರು, ಅಂಗಡಿಯವರಲ್ಲ.

ಕೊನೆಗೆ ದುಡ್ಡಿನ ಲೆಕ್ಕ. ಹಾಲಿನ ಪುಡಿ, ಮೀನಿನ ಪುಡಿ, ಲೈಸಿನ್ ಸೇರಿದ ಆಹಾರ ದುಬಾರಿ ಎಂಬುದು ಎಲ್ಲರ ದೂರು. ನಾಲ್ಕು ವಾರಕ್ಕೆ ಹಾಲು ಬಿಟ್ಟ ಮರಿ ಮೊದಲ ವಾರ ಪೂರ್ತಿ ತಿನ್ನುವುದು ಒಂದು ಕಿಲೋದ ಆಸುಪಾಸು. ಅದೇ ಮರಿ ನೂರು ಕಿಲೋ ತೂಗುವ ಹೊತ್ತಿಗೆ ಇನ್ನೂರು ಕಿಲೋಗೂ ಮಿಕ್ಕಿ ಆಹಾರ ತಿಂದಿರುತ್ತದೆ. ಆ ಒಂದು ಕಿಲೋ ಎಷ್ಟೇ ದುಬಾರಿಯಾದರೂ ಹಂದಿಯ ಒಟ್ಟು ಖರ್ಚಿನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲಿ ಉಳಿಸಿದವನು ಮರಿಯನ್ನೇ ಕಳೆದುಕೊಳ್ಳುತ್ತಾನೆ. ಸಾಕಣೆದಾರರಲ್ಲಿ ನನ್ನ ಕೋರಿಕೆ ಇಷ್ಟೇ. ಚೀಲದ ಆಹಾರ ಕೊಳ್ಳುವಾಗ ಅದರಲ್ಲಿ ಯಾವ ಆಂಟಿಬಯಾಟಿಕ್ ಇದೆ, ಸತು ಎಷ್ಟಿದೆ ಎಂದು ಕೇಳಿ, ಹೇಳದವರ ಚೀಲ ಬಿಡಿ. ಭೇದಿ ಬಂದ ಮೇಲೆ ಔಷಧಿಗೆ ಹಾಕುವ ಹಣವನ್ನು ಭೇದಿ ಬರುವ ಮೊದಲು ಆ ಒಂದು ಕಿಲೋ ಆಹಾರಕ್ಕೆ ಹಾಕಿ.